ಇಳಿಯುವಾಗ ಹೇಳುವ ಮಾತು

ಯಲಹಂಕ ಉಪನಗರದಲ್ಲಿ ಹತ್ತಿದಳು.
ತಲೆಗೆ ಅಗಲ ಅಂಚಿನ ಟೋಪಿ, ಬೆನ್ನಿಗೆ ಚೀಲ,
ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜು:
ನಮ್ಮ ಫುಟ್‌ಪಾತು ಮೊದಲ ದಿನವೇ ಕೊಟ್ಟ ಉಡುಗೊರೆ.
ಎಂಟೂಕಾಲು ಗಂಟೆ. ಆಗಲೇ ಬಸ್ಸಿನೊಳಗೆ
ಎಳ್ಳು ಹಾಕಿದರೆ ನೆಲಕ್ಕೆ ಬೀಳದು.

ಎಲ್ಲಿಗೆ ಎಂದೆ. ಮೆಜೆಸ್ಟಿಕ್ ಅಂದಳು,
ಆಮೇಲೆ ಪಕ್ಕದ ಸೊಪ್ಪಿನ ಅಜ್ಜಿಯ ಕೈ ತೋರಿಸಿ
‘ಪಿಂಕ್ ಟಿಕೆಟ್’ ಅಂದಳು.
ಆಧಾರ್ ಇದೆಯಾ ತಾಯಿ?
ಇದ್ದದ್ದು ಕಾಂಗರೂ ಮುದ್ರೆಯ ಪಾಸ್‌ಪೋರ್ಟು.
ಹಾಗಾದರೆ ಇಪ್ಪತ್ತೈದು ರೂಪಾಯಿ.
ಐನೂರರ ನೋಟು ನೀಡಿದಳು.

ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ
ನಾನು ಅತಿ ಹೆಚ್ಚು ಆಡಿದ ಮಾತು ‘ಚಿಲ್ಲರೆ ಕೊಡಿ’.
ಮಗಳ ಹೆಸರನ್ನೂ ಅಷ್ಟು ಸಲ ಕೂಗಿಲ್ಲ.
ಟಿಕೆಟ್ಟಿನ ಬೆನ್ನಿಗೆ ೪೭೫ ಎಂದು ಬರೆದುಕೊಟ್ಟೆ.
ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ
ಇದು ನನ್ನ ಸೀಟ್ ನಂಬರಾ ಎಂದು ಕೇಳಿದಳು.
ಬಸ್ಸಿಗೆ ಬಸ್ಸೇ ನಕ್ಕಿತು.

ಕೋಗಿಲು ಕ್ರಾಸಿನಲ್ಲಿ ಹತ್ತಿದ ಪಿಯುಸಿ ಹುಡುಗಿ
ನಮ್ಮಿಬ್ಬರ ನಡುವೆ ನಾಲಿಗೆಯಾದಳು.
ಹೆಸರು ಮೊರೀನ್. ಊರು ಬೆಂಡಿಗೋ.
ಹಿಂದೆ ಚಿನ್ನ ಅಗೆದ ಊರಂತೆ, ಈಗ ಅಗೆಯುವುದು ಕಡಿಮೆಯಂತೆ.
ಕೆಲಸ?
ಬಸ್ ಓಡಿಸ್ತಾರಂತೆ ಮೇಡಂ.

ಮರಿಸ್ವಾಮಣ್ಣಾ, ನಿಮ್ಮೋರೇ ಕಣೋ! ಎಂದು ಕೂಗಿದೆ.
ಜನ ತಾವೇ ಸರಿದು ದಾರಿ ಬಿಟ್ಟರು.
ಬಾನೆಟ್ಟಿನ ಪಕ್ಕ ನಿಂತು ಅವಳು
ಅವನ ಕಾಲುಗಳನ್ನೇ ನೋಡಿದಳು:
ಕ್ಲಚ್ಚು, ಬ್ರೇಕು, ಕ್ಲಚ್ಚು, ಬ್ರೇಕು,
ಬ್ಯಾಟರಾಯನಪುರದಿಂದ ಹೆಬ್ಬಾಳದವರೆಗೆ
ಮೂರನೇ ಗೇರು ಕಂಡಿದ್ದು ಒಂದೇ ಸಲ.

ಅವಳ ಊರಿನಲ್ಲಿ ಗಂಟೆಗೊಂದು ಬಸ್ಸು,
ಭಾನುವಾರ ಅದೂ ಅನುಮಾನ.
ಒಬ್ಬ ಮುದುಕಿ ಗೇಟಿಗೆ ಚಿಲಕ ಹಾಕುತ್ತಿದ್ದರೆ
ಇವಳು ಬಸ್ಸು ನಿಲ್ಲಿಸಿಕೊಂಡು ಕಾಯುತ್ತಾಳೆ.
ಹುಡುಗಿ ಇದನ್ನು ಹೇಳಿ ಮುಗಿಸುವಷ್ಟರಲ್ಲಿ
ಹಿಂದಿನಿಂದ ಹದಿನೆಂಟು ಹಾರನ್ನು.
ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಾವೂ ಕಾದೆವು,
ಯಾವ ಮುದುಕಿಗೆ ಅಂತ ಗೊತ್ತಿಲ್ಲ.

ಮರಿಸ್ವಾಮಿ ಪ್ಯಾಂಟು ಮೇಲೆತ್ತಿ
ತನ್ನ ಎಡಮಂಡಿಯ ಪಟ್ಟಿ ತೋರಿಸಿದ.
ಅವಳು ತನ್ನದನ್ನು ತೋರಿಸಿದಳು.
ಅಷ್ಟಕ್ಕೆ ಹುಡುಗಿ ಬೇಕಾಗಲಿಲ್ಲ.

ಮೇಕ್ರಿ ಸರ್ಕಲ್ಲಿನಲ್ಲಿ ಸೊಪ್ಪಿನ ಅಜ್ಜಿ
ಇಳಿಯುವ ಮುಂಚೆ ಬುಟ್ಟಿ ಸೊಂಟಕ್ಕೇರಿಸಿ
‘ತಕ್ಕಳವ್ವ, ನಂದು ಮುಗೀತು’ ಎಂದು
ತನ್ನ ಪಿಂಕ್ ಚೀಟಿಯನ್ನು ಅವಳ ಅಂಗೈಯಲ್ಲಿಟ್ಟಳು.
ಕಾನೂನು ನನಗೆ ಗೊತ್ತು.
ಆ ಹೊತ್ತಿಗೆ ನಾನು ಕಿಟಕಿಯಾಚೆ
ಮರ ಎಣಿಸುತ್ತಿದ್ದೆ.

ಮೆಜೆಸ್ಟಿಕ್. ಚಿಲ್ಲರೆ ಕೊಟ್ಟೆ,
ಎಲ್ಲ ಹತ್ತರ ನೋಟು, ಒಂದಕ್ಕೆ ಟೇಪು.
ನಡುಬಾಗಿಲಿಂದ ಇಳಿದವಳು ತಿರುಗಿ
ಅಷ್ಟು ತಲೆಗಳ ಮೇಲಿಂದ ಕೂಗಿದಳು:
‘ಥ್ಯಾಂಕ್ ಯೂ, ಡ್ರೈವರ್!’

ಮರಿಸ್ವಾಮಿ ಬೆಚ್ಚಿಬಿದ್ದ.
ಏನಂತೆ ಅಕ್ಕಾ? ಸ್ಟಾಪು ಬಿಟ್ಟುಬಿಟ್ನಾ?
ಆ ಬಾಗಿಲಿಂದ ಅವನ ಕಡೆಗೆ ಬರುವ ಕೂಗು
‘ಹೋಲ್ಡಾನ್’, ‘ಬ್ರೇಕ್ ಹಾಕಕ್ಕೆ ಬರಲ್ವೇನೋ’,
ಇಲ್ಲವೇ ಅವನ ತಾಯಿಯ ವಿಚಾರ.

ಅವರೂರಲ್ಲಿ ಇಳಿಯೋರೆಲ್ಲ ಹಂಗೇ ಹೇಳ್ತಾರಂತೆ.
ಎಲ್ರೂನಾ?
ಇಸ್ಕೂಲ್ ಹುಡುಗರೂ.
ಅವನು ಬಾಯಿ ಮುಕ್ಕಳಿಸಿ ಉಗಿದ, ಟೀ ಕುಡಿದ,
‘ದಿನಾ ಹೇಳಿದ್ರೆ ಏನು ಬೆಲೆ ಇರ್ತದೆ’ ಅಂದ,
ಆ ಟೀಗೆ ಎಂದಿನಂತೆ ನಾನೇ ದುಡ್ಡು ಕೊಟ್ಟೆ.

ಮಧ್ಯಾಹ್ನದ ಟ್ರಿಪ್ಪು. ಅದೇ ನೂಕುನುಗ್ಗಲು,
ಇಳಿದರು, ಇಳಿದರು, ಯಾರೂ ಏನೂ ಹೇಳಲಿಲ್ಲ,
ನಾನೂ ಹೇಳಿಕೊಡಲಿಲ್ಲ.
ಟಿಕೆಟ್ ಕೊಡುತ್ತ ಮುಂದೆ ಹೋದಾಗ ನೋಡಿದೆ:
ಯಾವಾಗಲೂ ಮಾದಪ್ಪನ ಸ್ಟಿಕ್ಕರಿನ ಕಡೆ ವಾಲಿರುವ
ಅವನ ಒಳಗನ್ನಡಿ
ನಡುಬಾಗಿಲಿಗೆ ತಿರುಗಿತ್ತು.